ಗ್ರೀನ್‌ಲ್ಯಾಂಡ್, ನ್ಯಾಟೊ ಮತ್ತು ರೋಡ್ಸ್ ಎಂಬ ಹಳೇ ದ್ವೀಪ: ಪದೇ ಪದೇ ಕೇಳುವ ಪ್ರಶ್ನೆಗಳು

ಟ್ರಂಪ್ ಗ್ರೀನ್‌ಲ್ಯಾಂಡ್ ಬೇಕು ಅಂದಾಗಲೆಲ್ಲ ಯಾರಾದರೊಬ್ಬರು ರೋಮ್ ಮಾತು ತೆಗೆಯುತ್ತಾರೆ. ಹುಚ್ಚಾಟಕ್ಕೆ ಹೆಸರಾದ ಚಕ್ರವರ್ತಿಗಳಲ್ಲಿ ಒಬ್ಬರಿಗೆ ನೀರೋ ನೆನಪಾದರೆ ಇನ್ನೊಬ್ಬರಿಗೆ ಕಲಿಗುಲ. ನನಗೆ ರೋಮ್ ಇತಿಹಾಸದ ಹುಚ್ಚು ಇದೆ ಅಂತ ಗೊತ್ತಿರುವ ಗೆಳೆಯರು, ನೆಂಟರು 2026ರ ಜನವರಿಯಲ್ಲಿ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವಕ್ಕೆ ಉತ್ತರ ನಾಲ್ಕೇ ಸಾಲು. ಕೆಲವನ್ನು ಸ್ವಲ್ಪ ಕೂತು ಓದಬೇಕು.

ಅಸಲಿಗೆ ನಡೆದದ್ದೇನು? ಮೊದಲಿನಿಂದ ಹೇಳಿ.

2019ರ ಆಗಸ್ಟ್‌ನಲ್ಲಿ ಟ್ರಂಪ್ ಗ್ರೀನ್‌ಲ್ಯಾಂಡ್ ಕೊಳ್ಳುವ ಮಾತಾಡಿದರು. ಇದು ಅಸಂಬದ್ಧ ಅಂದರು ಡೆನ್ಮಾರ್ಕ್ ಪ್ರಧಾನಿ ಮೆಟ್ಟೆ ಫ್ರೆಡರಿಕ್ಸನ್. ಟ್ರಂಪ್ ಸಿಟ್ಟಾಗಿ ಕೋಪನ್‌ಹೇಗನ್ ಭೇಟಿಯನ್ನೇ ರದ್ದು ಮಾಡಿದರು. ಆಗ ಎಲ್ಲರೂ ನಕ್ಕು ಸುಮ್ಮನಾದರು.

ಎರಡನೇ ಸಲ ಗೆದ್ದ ಮೇಲೆ ನಗುವ ಹಾಗಿರಲಿಲ್ಲ. 2025ರ ಜನವರಿ 7ರಂದು, ಗ್ರೀನ್‌ಲ್ಯಾಂಡ್ ಮತ್ತು ಪನಾಮಾ ಕಾಲುವೆ ವಿಷಯದಲ್ಲಿ ಸೇನೆ ಬಳಸಲ್ಲ ಅಂತ ಮಾತು ಕೊಡ್ತೀರಾ ಎಂದು ಪತ್ರಕರ್ತರು ಕೇಳಿದರು. ಇಲ್ಲ, ಕೊಡಲಾರೆ ಅಂದರು ಟ್ರಂಪ್. 2026ರ ಜನವರಿ 3ರಂದು ಅಮೆರಿಕದ ಪಡೆ ವೆನೆಜುವೆಲಾಕ್ಕೆ ನುಗ್ಗಿ ಅಧ್ಯಕ್ಷ ಮಡುರೊ ಅವರನ್ನು ಹಿಡಿದುಕೊಂಡು ಹೋಯಿತು. ಅದಾದ ಮೇಲೆ ಟ್ರಂಪ್ ಬಾಯಿಂದ ಗ್ರೀನ್‌ಲ್ಯಾಂಡ್ ಹೆಸರು ಬಂದರೆ ಯುರೋಪಿನಲ್ಲಿ ಯಾರಿಗೂ ನಗು ಬರಲಿಲ್ಲ. ಕೆಲವು ದೇಶಗಳು ಬೆರಳೆಣಿಕೆಯಷ್ಟು ಸೈನಿಕರನ್ನು ಗ್ರೀನ್‌ಲ್ಯಾಂಡ್‌ಗೆ ಕಳಿಸಿದವು. ಜನವರಿ 17ರಂದು ಟ್ರಂಪ್ ಡೆನ್ಮಾರ್ಕ್ ಸೇರಿ ಎಂಟು ಮಿತ್ರ ದೇಶಗಳ ಮೇಲೆ ಸುಂಕ ಹೇರುವುದಾಗಿ ಹೇಳಿದರು. ಫೆಬ್ರವರಿಯಿಂದ ಶೇ 10, ಜೂನ್‌ನಿಂದ ಶೇ 25. ನಾಲ್ಕೇ ದಿನಕ್ಕೆ ಸ್ವಿಟ್ಜರ್‌ಲ್ಯಾಂಡ್‌ನ ದಾವೋಸ್ ಸಮ್ಮೇಳನದಲ್ಲಿ ಮಾತು ಬದಲಾಯಿತು. ಬಲ ಪ್ರಯೋಗ ಮಾಡಲ್ಲ ಅಂದರು. ನ್ಯಾಟೊ ಎಂಬ ಸೇನಾ ಒಕ್ಕೂಟದ ಮುಖ್ಯಸ್ಥ ಮಾರ್ಕ್ ರುಟ್ಟೆ ಜೊತೆ ಕೂತೆದ್ದ ಮೇಲೆ, ಒಪ್ಪಂದಕ್ಕೊಂದು ಚೌಕಟ್ಟು ಸಿಕ್ಕಿದೆ ಅಂತ ಸುಂಕವನ್ನೂ ಕೈಬಿಟ್ಟರು.

ಗ್ರೀನ್‌ಲ್ಯಾಂಡ್ ಯಾರದ್ದು?

ಅಲ್ಲಿರುವ ಸುಮಾರು 56 ಸಾವಿರ ಜನರದ್ದು. ಕಾಗದದ ಮೇಲೆ ಡೆನ್ಮಾರ್ಕ್ ರಾಜಪ್ರಭುತ್ವದ ಭಾಗ. 21 ಲಕ್ಷ ಚದರ ಕಿಲೋಮೀಟರ್‌ಗೂ ಜಾಸ್ತಿ ನೆಲ, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಹಿಮದಡಿ. 1979ರಲ್ಲಿ ಒಳಾಡಳಿತ ಸಿಕ್ಕಿತು. 2009ರ ಕಾಯ್ದೆ ಇನ್ನೂ ಜಾಸ್ತಿ ಅಧಿಕಾರ ಕೊಟ್ಟಿತು. ಜನಮತ ಹಾಕಿ ಸ್ವತಂತ್ರವಾಗುವ ದಾರಿಯೂ ಆ ಕಾಯ್ದೆಯಲ್ಲೇ ಇದೆ.

ಡೆನ್ಮಾರ್ಕ್ ಏನು ಸಾಚಾನಾ? ಅದೂ ವಸಾಹತು ಮಾಡಿದ ದೇಶವೇ ಅಲ್ವಾ?

ಹೌದು. 1951ರಲ್ಲಿ 22 ಇನುಯಿಟ್ ಮಕ್ಕಳನ್ನು ಅಪ್ಪ ಅಮ್ಮನಿಂದ ಬೇರೆ ಮಾಡಿ ಡೆನ್ಮಾರ್ಕ್‌ಗೆ ಕರೆದೊಯ್ದರು. ಅವರನ್ನು ‘ಪುಟ್ಟ ಡೇನ್’ಗಳನ್ನಾಗಿ ಬೆಳೆಸುವ ಪ್ರಯೋಗ ಅದು. 1960ರ ದಶಕದ ಕೊನೆಯಿಂದ ಸಾವಿರಾರು ಹೆಂಗಸರಿಗೆ, ಎಳೆ ಹುಡುಗಿಯರಿಗೂ, ಗರ್ಭ ತಡೆಯುವ ವಂಕಿ ಹಾಕಿದರು. ಎಷ್ಟೋ ಜನಕ್ಕೆ ಕೇಳಲೂ ಇಲ್ಲ, ಹೇಳಲೂ ಇಲ್ಲ. ಫ್ರೆಡರಿಕ್ಸನ್ ಅದಕ್ಕೆ ಕ್ಷಮೆ ಕೇಳಿದ್ದು 2025ರಲ್ಲಿ.

ಹಾಗಾಗಿ ಅಲ್ಲಿನ ಜನಕ್ಕೆ ಡೆನ್ಮಾರ್ಕ್ ಮೇಲೆ ಮುನಿಸು ಇದೆ, ಇರಬೇಕಾದ್ದೇ. ಆದರೆ ಗಂಡನ ಮೇಲೆ ಮುನಿಸಿಕೊಂಡವಳು ಪಕ್ಕದ ಮನೆಯವನ ಜೊತೆ ಹೊರಟು ನಿಲ್ಲುತ್ತಾಳೆ ಅಂದುಕೊಂಡರೆ ಅದು ಪಕ್ಕದ ಮನೆಯವನ ಭ್ರಮೆ. 2025ರ ಜನವರಿಯ ಒಂದು ಸಮೀಕ್ಷೆಯಲ್ಲಿ ಶೇ 85 ಜನ ಅಮೆರಿಕಕ್ಕೆ ಸೇರಲ್ಲ ಅಂದರು. ಈಗಲೇ ಆರಿಸಿ ಅಂದರೆ ನಾವು ಡೆನ್ಮಾರ್ಕ್ ಕಡೆ ಎಂದು ಗ್ರೀನ್‌ಲ್ಯಾಂಡ್ ಪ್ರಧಾನಿ ಯೆನ್ಸ್-ಫ್ರೆಡರಿಕ್ ನೀಲ್ಸನ್ 2026ರ ಜನವರಿಯಲ್ಲಿ ಬಾಯಿಬಿಟ್ಟು ಹೇಳಿದರು.

ಅಮೆರಿಕದ ಸೇನಾ ನೆಲೆ ಅಲ್ಲಿ ಆಗಲೇ ಇದೆಯಂತೆ. ಮತ್ಯಾಕೆ ಈ ಗಲಾಟೆ?

ಇದೆ. ವಾಯವ್ಯ ಮೂಲೆಯಲ್ಲಿ ಪಿಟುಫಿಕ್, ಹಳೇ ಹೆಸರು ಥೂಲೆ. ಉತ್ತರ ಧ್ರುವದ ಮೇಲಿಂದ ಕ್ಷಿಪಣಿ ಬಂದರೆ ಮೊದಲು ಕಾಣುವ ರಾಡಾರ್‌ಗಳಲ್ಲಿ ಒಂದು ಅಲ್ಲಿದೆ. 1951ರ ಒಪ್ಪಂದದ ಪ್ರಕಾರ ಅಮೆರಿಕ ಅಲ್ಲಿ ಬೇಕಾದಷ್ಟು ಕೆಲಸ ಮಾಡಬಹುದು. ಶೀತಲ ಸಮರದ ದಿನಗಳಲ್ಲಿ ದ್ವೀಪದಲ್ಲಿ ಸಾವಿರಗಟ್ಟಲೆ ಅಮೆರಿಕನ್ ಸೈನಿಕರಿದ್ದರು. ಈಗ ಉಳಿದಿರುವವರು ಇನ್ನೂರರ ಆಸುಪಾಸು. ಕಡಿಮೆ ಮಾಡಿದ್ದು ಡೆನ್ಮಾರ್ಕ್ ಅಲ್ಲ, ಅಮೆರಿಕವೇ.

ರಷ್ಯಾ, ಚೀನಾ ಅಂತ ಟ್ರಂಪ್ ಹೇಳುವ ಭದ್ರತೆಯ ಮಾತು ಪೂರ್ತಿ ಸುಳ್ಳೇನಲ್ಲ. ಹಿಮ ಕರಗುತ್ತಿದೆ, ಹಡಗಿನ ದಾರಿ ತೆರೆಯುತ್ತಿದೆ, ನೆಲದಡಿ ಅಪರೂಪದ ಖನಿಜಗಳಿವೆ. ಆದರೆ ಭದ್ರತೆಗೆ ಬೇಕಾದ್ದೆಲ್ಲ 1951ರ ಕಾಗದದಲ್ಲೇ ಸಿಗುತ್ತದೆ. ಮತ್ತೇನು ಬೇಕು ಅಂದರೆ, ಅವರೇ ಒಂದು ಸಂದರ್ಶನದಲ್ಲಿ ಹೇಳಿದ ಹಾಗೆ, ಮಾಲೀಕತ್ವ ‘ಮಾನಸಿಕವಾಗಿ’ ಬೇಕು. ರಿಯಲ್ ಎಸ್ಟೇಟ್‌ನಲ್ಲಿ ಬೆಳೆದ ಮನುಷ್ಯ. ಬಾಡಿಗೆ ಮನೆಯಲ್ಲಿ ಎಷ್ಟೇ ಅನುಕೂಲ ಇದ್ದರೂ ಖಾತೆ ತನ್ನ ಹೆಸರಿಗೆ ಆಗದಿದ್ದರೆ ಸಮಾಧಾನ ಇಲ್ಲ.

ದೇಶ ಕೊಳ್ಳೋದು ಅಂದರೆ ತಮಾಷೆನಾ?

ಹಿಂದೆ ಕೊಂಡಿದ್ದಾರೆ. 1917ರಲ್ಲಿ ಇದೇ ಡೆನ್ಮಾರ್ಕ್ ಕೆರಿಬಿಯನ್‌ನಲ್ಲಿದ್ದ ತನ್ನ ದ್ವೀಪಗಳನ್ನು 2.5 ಕೋಟಿ ಡಾಲರ್ ಚಿನ್ನಕ್ಕೆ ಅಮೆರಿಕಕ್ಕೆ ಮಾರಿತು. ಆ ವ್ಯಾಪಾರದ ಜೊತೆಗೇ, ಇಡೀ ಗ್ರೀನ್‌ಲ್ಯಾಂಡ್ ಮೇಲೆ ಡೆನ್ಮಾರ್ಕ್ ಹಿಡಿತ ಚಾಚಿದರೆ ನಮ್ಮ ತಕರಾರಿಲ್ಲ ಅಂತ ಅಮೆರಿಕ ಬರೆದುಕೊಟ್ಟಿತ್ತು. 1946ರಲ್ಲಿ ಟ್ರೂಮನ್ ಸರ್ಕಾರ ಗ್ರೀನ್‌ಲ್ಯಾಂಡ್‌ಗೆ 10 ಕೋಟಿ ಡಾಲರ್ ಚಿನ್ನ ಕೊಡ್ತೀವಿ ಅಂತ ಗುಟ್ಟಾಗಿ ಕೇಳಿತು. ಆಗಲ್ಲ ಅಂದಿತು ಡೆನ್ಮಾರ್ಕ್. ಐದು ವರ್ಷಕ್ಕೆ ನೆಲೆಯ ಒಪ್ಪಂದ ಆಯಿತು, ಕಥೆ ಮುಗಿಯಿತು. ಕೇಳುವುದು ತಪ್ಪಲ್ಲ. ಇಲ್ಲ ಅಂದ ಮೇಲೆ ಏನು ಮಾಡುತ್ತಾರೆ ಅನ್ನುವುದರಲ್ಲಿ ವ್ಯತ್ಯಾಸ ಇದೆ.

ನ್ಯಾಟೊದ ಒಬ್ಬ ಸದಸ್ಯ ಇನ್ನೊಬ್ಬನ ಮೇಲೆ ಬಿದ್ದರೆ ಏನಾಗುತ್ತೆ?

ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೂ ಆದಂತೆ ಎನ್ನುತ್ತದೆ ನ್ಯಾಟೊ ಒಪ್ಪಂದದ 5ನೇ ವಿಧಿ. ದಾಳಿ ಮಾಡುವವನು ಒಳಗಿನವನೇ ಆದರೆ ಏನು ಮಾಡಬೇಕು ಅಂತ 1949ರಲ್ಲಿ ಯಾರೂ ಬರೆದಿಡಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುತ್ತದೆ ಅಂತ ಯಾರು ಅಂದುಕೊಂಡಿದ್ದರು? 1974ರಲ್ಲಿ ಸೈಪ್ರಸ್ ವಿಷಯಕ್ಕೆ ಗ್ರೀಸ್ ಮತ್ತು ಟರ್ಕಿ ಯುದ್ಧದ ಅಂಚಿಗೆ ಬಂದದ್ದಿದೆ. ಆದರೆ ಮನೆಯ ಹಿರಿಯನೇ ತಮ್ಮನ ಜಮೀನಿಗೆ ಕೈ ಹಾಕುವ ಪ್ರಸಂಗ ಹೊಸದು.

ಕೊನೆಗೆ ಏನೂ ಆಗಲಿಲ್ಲವಲ್ಲ? ಬರೀ ಮಾತು ತಾನೆ?

ಒಂದು ಲೆಕ್ಕ ನೋಡಿ. 5ನೇ ವಿಧಿಯನ್ನು ಈವರೆಗೆ ಬಳಸಿದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಅಮೆರಿಕದ ಪರವಾಗಿ. ಡೆನ್ಮಾರ್ಕ್ ಆಫ್ಘಾನಿಸ್ತಾನಕ್ಕೆ ಸೈನಿಕರನ್ನು ಕಳಿಸಿತು. 44 ಜನ ಸತ್ತರು. ಬೆಂಗಳೂರಿನ ಅರ್ಧದಷ್ಟೂ ಜನ ಇಲ್ಲದ ದೇಶ ಅದು.

ದಾವೋಸ್‌ನಲ್ಲಿ ಹಿಂದೆ ಸರಿದ ಮರುದಿನವೇ ಟ್ರಂಪ್ ಟೀವಿಯಲ್ಲಿ ಕೂತು, ಆಫ್ಘಾನಿಸ್ತಾನದಲ್ಲಿ ಮಿತ್ರಪಡೆಗಳು ಮುಂಚೂಣಿಯಿಂದ ಸ್ವಲ್ಪ ಹಿಂದೆಯೇ ಇದ್ದವು ಅಂದರು. ಡೆನ್ಮಾರ್ಕ್‌ನ ಮಾಜಿ ಸೈನಿಕರು ಕೋಪನ್‌ಹೇಗನ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿಗೆ ಮೌನವಾಗಿ ಮೆರವಣಿಗೆ ಹೋದರು. ಸುಂಕ ಹಾಕಿದರೆ ತೆಗೆಯಬಹುದು. ಆ ಮಾತನ್ನು ಹೇಗೆ ತೆಗೆಯುತ್ತೀರಿ?

ಸರಿ, ರೋಮ್‌ಗೆ ಬನ್ನಿ. ಇದಕ್ಕೆ ಹತ್ತಿರದ ಕಥೆ ಯಾವುದು?

ನನ್ನ ಪ್ರಕಾರ ರೋಡ್ಸ್. ಇದಕ್ಕೋಸ್ಕರವೇ ಇಷ್ಟೆಲ್ಲ ಬರೆಯಲು ಕೂತಿದ್ದು.

ರೋಡ್ಸ್ ಈಗಿನ ಟರ್ಕಿಯ ಕರಾವಳಿಗೆ ಅಂಟಿದ ಹಾಗಿರುವ ದ್ವೀಪ. ಕ್ರಿ.ಪೂ. 2ನೇ ಶತಮಾನದಲ್ಲಿ ಆ ಕಡೆಯ ವ್ಯಾಪಾರವೆಲ್ಲ ಅದರ ಬಂದರಿನ ಮೂಲಕವೇ. ಒಳ್ಳೇ ನೌಕಾಪಡೆ ಇತ್ತು. ಸಮುದ್ರದಲ್ಲಿ ಕಡಲ್ಗಳ್ಳರನ್ನು ಹದ್ದುಬಸ್ತಿನಲ್ಲಿಟ್ಟಿದ್ದು ಅದೇ. ರೋಮ್ ಜೊತೆ ಹೆಗಲು ಕೊಟ್ಟು ಎರಡು ದೊಡ್ಡ ಯುದ್ಧ ಮಾಡಿತ್ತು. ಅದಕ್ಕೆ ಇನಾಮಾಗಿ ಎದುರು ದಡದ ಲಿಸಿಯಾ, ಕಾರಿಯಾ ಪ್ರಾಂತ್ಯಗಳೂ ಸಿಕ್ಕಿದ್ದವು.

ಆಮೇಲೆ ಮ್ಯಾಸಿಡೋನಿಯದ ರಾಜ ಪರ್ಸಿಯಸ್ ಮೇಲೆ ರೋಮ್ ಯುದ್ಧಕ್ಕೆ ಹೋಯಿತು. ಮೂರು ವರ್ಷ ಕಳೆದರೂ ಮುಗಿಯಲಿಲ್ಲ. ವ್ಯಾಪಾರ ಹಾಳಾಗುತ್ತಿದೆ, ರಾಜಿ ಮಾಡಿಸೋಣ ಅಂತ ರೋಡ್ಸ್ ರೋಮ್‌ಗೆ ದೂತರನ್ನು ಕಳಿಸಿತು. ಅವರ ಗ್ರಹಚಾರ ನೋಡಿ. ರೋಮ್ ಆಳುತ್ತಿದ್ದ ಹಿರಿಯರ ಸಭೆಯಾದ ಸೆನೆಟ್ ಮುಂದೆ ಮಾತಾಡುವ ಹೊತ್ತಿಗೆ ಕ್ರಿ.ಪೂ. 168ರ ಪಿಡ್ನಾ ಕದನದಲ್ಲಿ ರೋಮ್ ಗೆದ್ದ ಸುದ್ದಿಯೇ ಬಂದುಬಿಟ್ಟಿತ್ತು. ರಾಜಿಗೆ ಬಂದವರು ಮಾತು ತಿರುಗಿಸಿ, ಗೆದ್ದಿದ್ದಕ್ಕೆ ಅಭಿನಂದನೆ ಅಂದರು. ಸೆನೆಟ್ ನಂಬಲಿಲ್ಲ. ನೀವು ಬಂದದ್ದು ಪರ್ಸಿಯಸ್‌ನನ್ನು ಉಳಿಸಲು ಅಂದಿತು.

ಮರುವರ್ಷ ಇನ್ನೊಂದು ತಂಡ ಬಿಳಿ ಬಟ್ಟೆ ಉಟ್ಟು ಬಂತು, ಶುಭ ಸಂದರ್ಭಕ್ಕೆ ಉಡುವ ಹಾಗೆ. ಅವರಿಗೆ ಅತಿಥಿ ಸತ್ಕಾರವನ್ನೇ ನಿರಾಕರಿಸಿದರು. ದೂತರು ಬಿಳಿ ಬಟ್ಟೆ ಕಳಚಿ ಸೂತಕದ ಬಟ್ಟೆ ಉಟ್ಟು, ರೋಮ್‌ನ ದೊಡ್ಡ ಮನುಷ್ಯರ ಮನೆ ಮನೆಗೆ ಹೋಗಿ ಅತ್ತು ಬೇಡಿಕೊಂಡರು. ಅಷ್ಟರಲ್ಲಿ ಯುವೆಂಟಿಯಸ್ ಥಾಲ್ನಾ ಎಂಬ ಅಧಿಕಾರಿ ಸೆನೆಟ್ಟನ್ನೂ ಕೇಳದೆ, ರೋಡ್ಸ್ ಮೇಲೆ ಯುದ್ಧ ಸಾರೋಣ ಅಂತ ನೇರ ಜನರ ಮುಂದೆ ಹೋದ. ಜನಪ್ರತಿನಿಧಿಯೊಬ್ಬ ಅವನನ್ನು ಭಾಷಣದ ಕಟ್ಟೆಯಿಂದ ಕೆಳಗೆ ಎಳೆದು ಹಾಕಿದ.

ರೋಡ್ಸ್ ಪರ ನಿಂತವನು ಮುದುಕ ಸೆನೆಟರ್ ಕೇಟೊ. ರೋಮ್‌ನ ಹಳೇ ವೈರಿ ಕಾರ್ತೇಜ್ ನಾಶವಾಗಲೇಬೇಕು ಅಂತ ಆಮೇಲೆ ಹಟ ಹಿಡಿದವನೂ ಇವನೇ, ಮೆತ್ತನೆ ಮನುಷ್ಯ ಏನಲ್ಲ. ಅವನ ಭಾಷಣದ ತುಣುಕುಗಳು ಉಳಿದಿವೆ. ರೋಡ್ಸ್‌ನವರು ನಮ್ಮ ವಿರುದ್ಧ ಏನು ಮಾಡಿದರು? ನಾವು ಸೋಲಲಿ ಅಂತ ಮನಸ್ಸಿನಲ್ಲಿ ಅಂದುಕೊಂಡಿರಬಹುದು, ಅಷ್ಟೇ. ಮನಸ್ಸಿನ ಆಸೆಗೆ ದಂಡ ಹಾಕುವುದಾದರೆ ಕಾನೂನಿಗಿಂತ ಜಾಸ್ತಿ ಜಮೀನು ಬೇಕು ಅಂತ ಆಸೆಪಡುವ ನಮ್ಮಲ್ಲಿ ಯಾರು ಉಳಿಯುತ್ತೀರಿ? ಅವರಿಗೆ ಸೊಕ್ಕು ಅಂತೀರಿ. ಇರಲಿ ಬಿಡಿ, ನಮಗೇನು? ನಮಗಿಂತ ಸೊಕ್ಕಿನವರು ಇನ್ನೊಬ್ಬರಿದ್ದಾರೆ ಅಂತ ಹೊಟ್ಟೆಯುರಿಯೇ?

ಯುದ್ಧ ತಪ್ಪಿತು. ದಾವೋಸ್‌ನಲ್ಲಿ ತಪ್ಪಿದ ಹಾಗೇ.

ಹಾಗಾದರೆ ರೋಡ್ಸ್ ಬಚಾವಾಯಿತಲ್ಲ?

ಇಲ್ಲ. ರೋಮ್ ಕತ್ತಿ ಬಿಟ್ಟು ಸುಂಕ ಹಿಡಿಯಿತು. ಡೇಲೋಸ್ ಎಂಬ ಪುಟ್ಟ ದ್ವೀಪವನ್ನು ಅಥೆನ್ಸ್ ಕೈಗೆ ಕೊಟ್ಟು, ಅಲ್ಲಿ ಬಂದರು ಸುಂಕ ಇಲ್ಲ ಅಂತ ಸಾರಿತು. ವ್ಯಾಪಾರಿಗಳಿಗೆ ಇನ್ನೇನು ಬೇಕು? ಹಡಗುಗಳೆಲ್ಲ ಅತ್ತ ತಿರುಗಿದವು. ಮುಂದೆ ರೋಡ್ಸ್ ದೂತ ಅಸ್ಟಿಮಿಡೀಸ್ ಸೆನೆಟ್‌ನಲ್ಲಿ ಲೆಕ್ಕ ಒಪ್ಪಿಸಿದ. ಬಂದರಿನ ಆದಾಯ 10 ಲಕ್ಷ ಡ್ರಾಕ್ಮಾ ಇದ್ದದ್ದು 1.5 ಲಕ್ಷಕ್ಕೆ ಇಳಿದಿದೆ. ಇದನ್ನು ಬರೆದಿಟ್ಟ ಇತಿಹಾಸಕಾರ ಪೊಲಿಬಿಯಸ್ ಅದೇ ಕಾಲದವನು. ಲಿಸಿಯಾ, ಕಾರಿಯಾಗಳೂ ಕೈತಪ್ಪಿದವು. ಇಷ್ಟಾದ ಮೇಲೆ ರೋಮ್ ದೊಡ್ಡ ಮನಸ್ಸು ಮಾಡಿ ಹೊಸ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿತು.

ಅದರಿಂದ ರೋಮ್‌ಗೆ ಏನು ನಷ್ಟ?

ಆ ಕ್ಷಣಕ್ಕೆ ಏನೂ ಇಲ್ಲ. ರೋಮ್‌ನಲ್ಲಿ ಯಾರೂ ಇದನ್ನು ನಷ್ಟದ ಬಾಬ್ತಿಗೆ ಬರೆದುಕೊಂಡಿರಲಾರರು.

ಆದರೆ ಕಾಸಿಲ್ಲದ ರೋಡ್ಸ್ ಮೊದಲಿನ ಹಾಗೆ ಹಡಗು ಸಾಕಲಾಗಲಿಲ್ಲ. ಸಮುದ್ರದ ಕಾವಲುಗಾರ ಬಡವಾದ. ಈಗಿನ ಟರ್ಕಿಯ ದಕ್ಷಿಣಕ್ಕಿರುವ ಸಿಲಿಸಿಯಾ ಕರಾವಳಿಯ ಕಡಲ್ಗಳ್ಳರು ಕೊಬ್ಬಿದರು. ಅವರು ಹಿಡಿದು ತಂದ ಜನರನ್ನು ಗುಲಾಮರಾಗಿ ಮಾರಿದ್ದು ಎಲ್ಲಿ ಅಂದುಕೊಂಡಿರಿ? ಅದೇ ಡೇಲೋಸ್‌ನಲ್ಲಿ. ದಿನಕ್ಕೆ ಹತ್ತು ಸಾವಿರ ಗುಲಾಮರನ್ನು ಇಳಿಸಿ ಸಾಗಿಸುವ ತಾಕತ್ತು ಆ ಬಂದರಿಗಿತ್ತು ಅಂತ ಹಳೇ ಭೂಗೋಳಕಾರ ಸ್ಟ್ರಾಬೊ ಬರೆಯುತ್ತಾನೆ. ಸುಮಾರು ಕ್ರಿ.ಪೂ. 75ರಲ್ಲಿ ಯುವಕ ಜೂಲಿಯಸ್ ಸೀಸರ್ ಕೂಡ ಕಳ್ಳರ ಕೈಗೆ ಸಿಕ್ಕಿಬಿದ್ದ. ಓದಲು ರೋಡ್ಸ್‌ಗೆ ಹೊರಟಿದ್ದನಂತೆ. ಬಿಡುಗಡೆಗೆ 20 ಟ್ಯಾಲೆಂಟ್ (ಆ ಕಾಲದ ತೂಕದ ಅಳತೆ) ಬೆಳ್ಳಿ ಕೇಳಿದ್ದಕ್ಕೆ, ನನ್ನ ಬೆಲೆ ಇಷ್ಟೇನಾ, 50 ಕೇಳಿ ಅಂದನಂತೆ. ಕ್ರಿ.ಪೂ. 69ರಲ್ಲಿ ಕಳ್ಳರು ಡೇಲೋಸನ್ನೇ ಲೂಟಿ ಮಾಡಿದರು. ರೋಮ್‌ಗೆ ಬರುವ ಧಾನ್ಯಕ್ಕೂ ಕುತ್ತು ಬಂತು. ಕೊನೆಗೆ ಕ್ರಿ.ಪೂ. 67ರಲ್ಲಿ ಪಾಂಪೆ ಎಂಬ ಒಬ್ಬ ಸೇನಾನಿಗೆ ಇಡೀ ಮೆಡಿಟರೇನಿಯನ್ ಮೇಲೆ ಹಿಂದೆಂದೂ ಯಾರಿಗೂ ಕೊಡದಷ್ಟು ಅಧಿಕಾರ ಕೊಡಬೇಕಾಯಿತು. ಗಣರಾಜ್ಯ ಒಬ್ಬೊಬ್ಬ ಬಲಾಢ್ಯನ ಕೈಗೆ ಜಾರಿದ ದಾರಿಯಲ್ಲಿ ಇದೂ ಒಂದು ಮೆಟ್ಟಿಲು.

ಎಲ್ಲಕ್ಕೂ ರೋಡ್ಸ್ ಒಂದೇ ಕಾರಣ ಅಂತ ನಾನು ಹೇಳಲ್ಲ. ಸಿರಿಯಾದ ರಾಜರೂ ಅದೇ ಹೊತ್ತಿಗೆ ಸೊರಗಿದ್ದರು. ಆದರೆ ಮಿತ್ರನ ಸೊಕ್ಕು ಇಳಿಸಿದ ಬಿಲ್ಲು ನೂರು ವರ್ಷ ತಡವಾಗಿ ಬಂತು, ಬೇರೆಯವರ ಹೆಸರಿನಲ್ಲಿ ಬಂತು. ಹಾಗಾಗಿಯೇ ಯಾರಿಗೂ ಗುರುತು ಸಿಗಲಿಲ್ಲ.

ದ್ವೀಪವನ್ನೇ ನುಂಗಿದ ಉದಾಹರಣೆ ಇಲ್ವಾ?

ಎರಡಿವೆ. ಕ್ರಿ.ಪೂ. 241ರಲ್ಲಿ ಕಾರ್ತೇಜ್ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡ ರೋಮ್, ಮೂರೇ ವರ್ಷದಲ್ಲಿ, ಕಾರ್ತೇಜ್ ತನ್ನದೇ ಕೂಲಿ ಸೈನಿಕರ ದಂಗೆಯಲ್ಲಿ ಬಳಲಿದ್ದಾಗ, ಸಾರ್ಡಿನಿಯಾ ಕಿತ್ತುಕೊಂಡಿತು. ಮೇಲೆ 1,200 ಟ್ಯಾಲೆಂಟ್ ದಂಡ ಬೇರೆ. ರೋಮ್ ಅಂದರೆ ಪ್ರಾಣ ಬಿಡುವ ಪೊಲಿಬಿಯಸ್ ಕೂಡ ಇದಕ್ಕೆ ನ್ಯಾಯ ಅನ್ನುವ ಕಾರಣವೇ ಇಲ್ಲ ಅಂತಾನೆ. ಮುಂದೆ ಕಾರ್ತೇಜ್ ಸೇನಾನಿ ಹ್ಯಾನಿಬಲ್ ರೋಮ್ ಮೇಲೆ ಮಾಡಿದ ಯುದ್ಧದ ಮೂಲ ಕಾರಣಗಳಲ್ಲಿ ಇದನ್ನೂ ಎಣಿಸುತ್ತಾನೆ.

ಎರಡನೆಯದು ಸೈಪ್ರಸ್. ಇದು ಸಣ್ಣತನದ ಕಥೆ. ಕ್ಲೋಡಿಯಸ್ ಎಂಬ ರಾಜಕಾರಣಿ ಯೌವನದಲ್ಲಿ ಅದೇ ಕಡಲ್ಗಳ್ಳರಿಗೆ ಸಿಕ್ಕಿಬಿದ್ದಿದ್ದ. ಬಿಡಿಸಿಕೊಳ್ಳಲು ಸೈಪ್ರಸ್ ರಾಜನಿಗೆ ಹೇಳಿ ಕಳಿಸಿದರೆ ಅವನು ಕಳಿಸಿದ್ದು ಎರಡೇ ಟ್ಯಾಲೆಂಟ್. ಕ್ಲೋಡಿಯಸ್ ಮರೆಯಲಿಲ್ಲ. ಕ್ರಿ.ಪೂ. 58ರಲ್ಲಿ ಅಧಿಕಾರ ಬಂದ ಕೂಡಲೇ ಕಾನೂನು ಮಾಡಿ ಸೈಪ್ರಸ್ಸನ್ನು ರೋಮ್‌ಗೆ ಸೇರಿಸಿದ. ರಾಜ ವಿಷ ಕುಡಿದು ಸತ್ತ. ಅವನ ಆಸ್ತಿ ಹರಾಜು ಹಾಕಲು ಹೋದವನು ರೋಡ್ಸ್ ಪರ ವಾದಿಸಿದ ಕೇಟೊನ ಮರಿಮಗ, ಅವನ ಹೆಸರೂ ಕೇಟೊ. ಬಲು ಪ್ರಾಮಾಣಿಕ. ಸುಮಾರು 7,000 ಟ್ಯಾಲೆಂಟ್ ಬೆಳ್ಳಿಯನ್ನು ಪೆಟ್ಟಿಗೆಗಳಲ್ಲಿ ತುಂಬಿಸಿದ. ಹಡಗು ಮುಳುಗಿದರೆ ಜಾಗ ಗೊತ್ತಾಗಲಿ ಅಂತ ಪ್ರತಿ ಪೆಟ್ಟಿಗೆಗೂ ಉದ್ದನೆ ಹಗ್ಗ, ಅದರ ತುದಿಗೆ ತೇಲುವ ಬೆಂಡು ಕಟ್ಟಿಸಿದ. ಕದ್ದ ಮಾಲಿಗೆ ಇಷ್ಟು ಅಚ್ಚುಕಟ್ಟಾದ ಲೆಕ್ಕಪತ್ರ ನಾನು ಬೇರೆಲ್ಲೂ ನೋಡಿಲ್ಲ.

ನೀರೋ, ಕಲಿಗುಲ ಹೋಲಿಕೆ ಸರಿನಾ?

ಟೀವಿಗೆ ಸರಿ. ವ್ಯಕ್ತಿಯ ಹುಚ್ಚಾಟ ನೋಡಲು ಮಜಾ, ಅದರಿಂದ ತಿಳಿಯುವುದು ಕಡಿಮೆ. ಕ್ರಿ.ಶ. 40ರಲ್ಲಿ ಕಲಿಗುಲ ತನ್ನ ಮಿತ್ರ ರಾಜ, ಸಂಬಂಧಿಕನೂ ಆಗಿದ್ದ ಮಾರಿಟೇನಿಯಾದ ಟಾಲಮಿಯನ್ನು ಕೊಲ್ಲಿಸಿದ. ಅಲ್ಲಿ ದಂಗೆ ಎದ್ದಿತು. ಅದನ್ನು ಅಡಗಿಸುವ ಕೆಲಸ ಮುಂದಿನ ಚಕ್ರವರ್ತಿ ಕ್ಲಾಡಿಯಸ್ ತಲೆಗೆ ಬಂತು.

ನೀರೋ ಕಾಲದ ಬೂಡಿಕಾ ಕಥೆ ಮಾತ್ರ ನಮ್ಮವರಿಗೆ ಥಟ್ಟನೆ ಅರ್ಥವಾಗುತ್ತದೆ. ಬ್ರಿಟನ್‌ನ ಐಸೀನಿ ಜನರ ರಾಜ ರೋಮ್‌ನ ಮಿತ್ರ. ಸಾಯುವಾಗ ಉಯಿಲಿನಲ್ಲಿ ಚಕ್ರವರ್ತಿಯನ್ನೂ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ವಾರಸುದಾರರು ಅಂತ ಬರೆದ, ಹಾಗಾದರೂ ಮನೆ ಉಳಿಯಲಿ ಅಂತ. ರೋಮ್ ಅಧಿಕಾರಿಗಳು ಎಲ್ಲವನ್ನೂ ಬಾಚಿದರು. ರಾಣಿ ಬೂಡಿಕಾಗೆ ಛಡಿಯೇಟು ಬಿತ್ತು, ಮಕ್ಕಳ ಮಾನ ಹೋಯಿತು. ದಂಗೆಯಲ್ಲಿ ಲಂಡನ್ ಸೇರಿ ಮೂರು ಊರು ಸುಟ್ಟುಹೋದವು. ದತ್ತು ಮಗನನ್ನು ಒಪ್ಪಲ್ಲ ಅಂತ ಕಂಪನಿ ಕಿತ್ತೂರಿಗೆ ಹೇಳಿದ್ದು, 1824ರ ಅಕ್ಟೋಬರ್‌ನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರು ಕೋಟೆ ಮುಂದೆ ಸತ್ತದ್ದು ನೆನಪಾಗದೆ ಇರುತ್ತದಾ?

ಮಿತ್ರರೆಲ್ಲ ಒಟ್ಟಾಗಿ ರೋಮ್ ಮೇಲೆ ತಿರುಗಿಬಿದ್ದದ್ದಿಲ್ವಾ?

ಕ್ರಿ.ಪೂ. 91ರಲ್ಲಿ. ರೋಮ್ ಸೇನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇಟಲಿಯ ಮಿತ್ರ ಊರುಗಳವರೇ. ಸಾಯಲು ಬೇಕು, ಮತ ಹಾಕಲು ಬೇಡ. ತಾಳ್ಮೆ ಕೆಟ್ಟು ತಮ್ಮದೇ ರಾಜಧಾನಿ, ತಮ್ಮದೇ ನಾಣ್ಯ ಮಾಡಿಕೊಂಡರು. ಆ ಬೆಳ್ಳಿ ನಾಣ್ಯಗಳು ಈಗಲೂ ಇವೆ. ಒಂದರ ಮೇಲೆ ಗೂಳಿಯೊಂದು ತೋಳವನ್ನು ಕೆಡವಿ ಕೊಂಬಿನಿಂದ ತಿವಿಯುತ್ತಿದೆ. ಗೂಳಿ ಇಟಲಿ, ತೋಳ ರೋಮ್. ರೋಮ್ ಯುದ್ಧವನ್ನೇನೋ ಗೆದ್ದಿತು, ಆದರೆ ಅವರು ಕೇಳಿದ್ದ ಪೌರತ್ವವನ್ನು ಕೊಟ್ಟೇ ಗೆದ್ದದ್ದು.

ಹೋಲಿಕೆ ಎಲ್ಲಿ ಕೆಡುತ್ತೆ?

ಬೇಕಾದಷ್ಟು ಕಡೆ. ಪಿಡ್ನಾ ನಂತರ ರೋಮ್‌ಗೆ ಮೆಡಿಟರೇನಿಯನ್‌ನಲ್ಲಿ ಸರಿಸಾಟಿ ಯಾರೂ ಉಳಿಯಲಿಲ್ಲ. ಅಮೆರಿಕಕ್ಕೆ ಎದುರು ಚೀನಾ ಇದೆ. ರೋಡ್ಸ್ ಒಂಟಿ. ಡೆನ್ಮಾರ್ಕ್ ಬೆನ್ನಿಗೆ 45 ಕೋಟಿ ಜನರ ಯುರೋಪಿನ ಮಾರುಕಟ್ಟೆ ಇದೆ, ಮರುಸುಂಕ ಹಾಕುವ ಶಕ್ತಿ ಅದಕ್ಕಿದೆ. ಟ್ರಂಪ್ ನಾಲ್ಕು ವರ್ಷಕ್ಕೆ ಇಳಿಯಬೇಕು. ರೋಮ್‌ನ ಸೆನೆಟ್‌ಗೆ ಅಂಥ ಗಡುವಿರಲಿಲ್ಲ. ಇನ್ನೊಂದು, ಬಲಾಢ್ಯ ಮಾಡಿದ್ದೇ ಸರಿ ಅನ್ನುವ ಮೀಲೋಸ್ ದ್ವೀಪದ ಪ್ರಸಂಗವನ್ನು ರೋಮ್ ಲೆಕ್ಕಕ್ಕೆ ಹಾಕಬೇಡಿ. ಅದು ಅಥೆನ್ಸ್‌ನವರ ಕೆಲಸ, ರೋಡ್ಸ್ ಕಥೆಗಿಂತ 250 ವರ್ಷ ಹಿಂದಿನದು.

ಇದರಲ್ಲಿ ನಮಗೇನು?

2025ರ ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲೆ ಅಮೆರಿಕ ಶೇ 50 ಸುಂಕ ಹಾಕಿತು. ಅದರಲ್ಲಿ ಅರ್ಧ ರಷ್ಯಾದ ಎಣ್ಣೆ ಕೊಂಡಿದ್ದಕ್ಕೆ. ನಾವು ನ್ಯಾಟೊದಲ್ಲಿಲ್ಲ, ‘ಸ್ನೇಹಿತರು’ ಮಾತ್ರ. ಡೇಲೋಸ್ ಕಥೆ ತಿರುಪುರದ ಬಟ್ಟೆಯವರಿಗೂ ಸೂರತ್‌ನ ವಜ್ರದವರಿಗೂ ನಾನು ಬಿಡಿಸಿ ಹೇಳಬೇಕಾಗಿಲ್ಲ.

ರೋಡ್ಸ್ ಕೊನೆಗೆ ಏನಾಯಿತು?

ಬಹಳ ನಿಷ್ಠೆಯಿಂದ ಬದುಕಿತು. ಕ್ರಿ.ಪೂ. 88ರಲ್ಲಿ ಮಿತ್ರಡೇಟಿಸ್ ರಾಜ ಮುತ್ತಿದಾಗ ಸುತ್ತಲಿನವರೆಲ್ಲ ಅವನ ಕಡೆ ವಾಲಿದರೂ ರೋಡ್ಸ್ ರೋಮ್ ಪರವೇ ನಿಂತಿತು.

ಕ್ರಿ.ಪೂ. 43ರ ಹೊತ್ತಿಗೆ ಸೀಸರ್‌ನನ್ನು ಕೊಂದ ಕ್ಯಾಸಿಯಸ್‌ಗೆ ಯುದ್ಧಕ್ಕೆ ದುಡ್ಡು ಬೇಕಾಯಿತು. ಅವನು ಚಿಕ್ಕವನಿದ್ದಾಗ ಓದಿದ್ದು ರೋಡ್ಸ್‌ನಲ್ಲೇ. ಊರಿನವರು ಅವನ ಹಳೇ ಮೇಷ್ಟ್ರು ಆರ್ಕಿಲೇಯಸ್‌ನನ್ನೇ ರಾಯಭಾರಿ ಮಾಡಿ ಕಳಿಸಿದರು. ಮೇಷ್ಟ್ರು ಶಿಷ್ಯನ ಕೈ ಹಿಡಿದು, ಹಳೇ ಒಪ್ಪಂದಗಳನ್ನು ನೆನಪಿಸಿ ಅತ್ತ. ಕ್ಯಾಸಿಯಸ್ ಊರು ಹಿಡಿದು ಜನರ ಮನೆಯ ಚಿನ್ನ ಬೆಳ್ಳಿಯಿಂದ ಹಿಡಿದು ದೇವಸ್ಥಾನದ ಹುಂಡಿಯವರೆಗೆ ಬಾಚಿದ. ದೇವರ ವಿಗ್ರಹಗಳನ್ನಾದರೂ ಬಿಟ್ಟು ಹೋಗಿ ಅಂತ ಜನ ಕೇಳಿಕೊಂಡರು.

ಸೂರ್ಯನನ್ನು ಬಿಟ್ಟು ಹೋಗುತ್ತಿದ್ದೇನಲ್ಲ, ಅಂದ.